ನಾಲ್ಕೂವರೆ ಗಂಟೆಯ ಮೈ

ಬೀದಿಯವರೆಲ್ಲ ಮಿಲಿಟ್ರಿ ಎಂದು ಕರೆಯುವ ದರ್ಜಿ ಕುತ್ತಿಗೆಯಿಂದ ಟೇಪು ತೆಗೆದನೆಂದರೆ ಎದುರಿಗಿದ್ದವರ ಹೊಟ್ಟೆ ತಾನಾಗಿಯೇ ಒಳಕ್ಕೆ ಹೋಗುತ್ತಿತ್ತು. ಗದರಿಸುವ ಜಾಯಮಾನದವನಲ್ಲ. “ನೇರ ನಿಂತ್ಕೊಳ್ಳಿ” ಎನ್ನುವ ಎರಡೇ ಮಾತು, ಅದೂ ಮೆಲುದನಿಯಲ್ಲಿ. ಆದರೆ ಇಪ್ಪತ್ತೆರಡು ವರ್ಷ ಸೈನ್ಯದಲ್ಲಿ ಮೊದಲು ಕೇಳಿ, ಆಮೇಲೆ ಹೇಳಿ ಹದಗೊಂಡ ಮಾತದು. ಕಿವಿಗೆ ಬೀಳುವ ಮೊದಲೇ ಬೆನ್ನುಮೂಳೆಗೆ ಬೀಳುತ್ತಿತ್ತು. ಪಕ್ಕದ ಔಷಧಿ ಅಂಗಡಿಯವನು, ನಲವತ್ತೆರಡು ಇಂಚು ಸೊಂಟದ ಗೃಹಸ್ಥ, ಇವನೆದುರು ಮೂವತ್ತೊಂಬತ್ತಾಗಿ ನಿಂತು ಅಳತೆ ಕೊಟ್ಟು, ಬೀದಿಗಿಳಿದು ಉಸಿರು ಬಿಟ್ಟು ಮತ್ತೆ ನಲವತ್ತೆರಡಾಗುತ್ತಿದ್ದ. ಆ ಮೂರು ಇಂಚಿನ ತಕರಾರು ಪ್ಯಾಂಟು ಕೈಗೆ ಬಂದ ದಿನ ಏಳುತ್ತಿತ್ತು. “ನೀವು ಅವತ್ತು ಹೀಗಿರ್ಲಿಲ್ಲ” ಎಂದು ಮಿಲಿಟ್ರಿ ಅಳತೆಯ ಪುಸ್ತಕ ತೆಗೆದು ತೋರಿಸುತ್ತಿದ್ದ. ಪುಸ್ತಕ ಸುಳ್ಳು ಹೇಳಿರಲಿಲ್ಲ. ಹೇಳಿದ್ದು ಹೊಟ್ಟೆ.

ಅವನು ಸೈನ್ಯ ಸೇರಿದ್ದು ಹತ್ತೊಂಬತ್ತನೆಯ ವಯಸ್ಸಿಗೆ. ಐದು ವರ್ಷ ಕಳೆಯುವಷ್ಟರಲ್ಲಿ ಮೊಣಕಾಲು ಕೈಕೊಟ್ಟಿತು. ಕಾಲು ಕೈಕೊಟ್ಟರೂ ಸೈನ್ಯ ಕೈಬಿಡಲಿಲ್ಲ. ಸಮವಸ್ತ್ರದ ಉಗ್ರಾಣಕ್ಕೆ ಹಾಕಿತು. ಅಲ್ಲಿ ಹದಿನೇಳು ವರ್ಷ. ಉಗ್ರಾಣದಲ್ಲಿ ಅಂಗಿಗಳು ಮೂರು ಅಳತೆಯಲ್ಲಿ ಸಿಗುತ್ತಿದ್ದವು: ಸಣ್ಣದು, ದೊಡ್ಡದು ಮತ್ತು ಮುಗಿದಿದೆ. ಬಿಗಿಯಾಯಿತೆಂದು ಅಂಗಿ ಹಿಂದಕ್ಕೆ ತಂದ ಹೊಸಬರಿಗೆ ಉಗ್ರಾಣದ ಯಜಮಾನ ಹೇಳುತ್ತಿದ್ದುದು ಒಂದೇ: “ಅಂಗಿ ಸರಿಯಾಗೇ ಇದೆ. ಸರಿಯಾಗ್ಬೇಕಾದೋನು ನೀನು.” ಅಲ್ಲಿಯ ಹೊಲಿಗೆ ಯಂತ್ರದ ಮುಂದೆ ಕೂತು ಮಿಲಿಟ್ರಿ ಕಾಲರು ಕೂರಿಸುವುದನ್ನು ಕಲಿತ. ಈ ಮಾತನ್ನೂ ಕಲಿತ. ಕಾಲರಿಗಿಂತ ಮಾತೇ ಗಟ್ಟಿಯಾಗಿ ಕೂತಿತು.

ನಿವೃತ್ತನಾದಾಗ ನಲವತ್ತೊಂದು. ಜೊತೆಯವರು ಬ್ಯಾಂಕಿನ ಬಾಗಿಲಿಗೆ, ಕಾರ್ಖಾನೆಯ ಗೇಟಿಗೆ ಕಾವಲು ಸೇರಿದರು. ಇವನು ಸಂಜೆ ಕಾಲೇಜಿನಲ್ಲಿ ಫ್ಯಾಷನ್ ಡಿಸೈನಿಗೆ ಅರ್ಜಿ ಹಾಕಿದ.

“ಎಲ್ರೂ ಪೆನ್ಷನ್ ತಗೊಂಡು ಸುಮ್ನಿರ್ತಾರೆ. ನೀವು ಪೆನ್ಷನ್ ತಗೊಂಡು ಫ್ಯಾಷನ್ನಿಗೆ ಹೋಗಿ. ಟೆನ್ಷನ್ ನಂಗಿರ್ಲಿ” ಎಂದಳು ಹೆಂಡತಿ. ಅವಳು ಆಸ್ಪತ್ರೆಯಲ್ಲಿ ನರ್ಸು. ದಿನವಿಡೀ ಕಾಲ ಮೇಲೆ ನಿಂತು ಮನೆಗೆ ಬರುವ ಹೊತ್ತಿಗೆ ನಾಲಿಗೆಯೊಂದಕ್ಕೇ ಓಡಾಡುವ ಶಕ್ತಿ ಉಳಿದಿರುತ್ತಿತ್ತು.

ಮೂರು ವರ್ಷ ಅವನು ತನ್ನ ಮಕ್ಕಳಾಗಿರಬಹುದಾದಷ್ಟು ಚಿಕ್ಕವರ ಪಕ್ಕದಲ್ಲಿ ಕೂತು ಬಣ್ಣ, ರೇಖೆ, ಬಟ್ಟೆಯ ಎಳೆ ಓಡುವ ದಿಕ್ಕು ಕಲಿತ. ಅವರು ಅಂಕಲ್ ಎನ್ನುತ್ತಿದ್ದರು. ಪರೀಕ್ಷೆಯ ವಾರ ಮಾತ್ರ ಸರ್ ಎನ್ನುತ್ತಿದ್ದರು, ಏಕೆಂದರೆ ಅವನ ನೋಟ್ಸು ಅಚ್ಚುಕಟ್ಟು. ಒಮ್ಮೆ ಮೇಷ್ಟರು ಅವನ ಚಿತ್ರಗಳ ಹಾಳೆ ತಿರುವಿ, ಅದರಲ್ಲಿದ್ದ ಹೆಂಗಸರನ್ನು ಬಹಳ ಹೊತ್ತು ನೋಡಿ, “ಇವ್ರೆಲ್ಲ ಯಾರಿಗೆ ಸೆಲ್ಯೂಟ್ ಹೊಡೆಯಕ್ಕೆ ಕಾಯ್ತಿದಾರೆ?” ಎಂದು ಕೇಳಿದರು. ಮಿಲಿಟ್ರಿ ಅದನ್ನು ಹೊಗಳಿಕೆ ಎಂದುಕೊಂಡು ಮನೆಯಲ್ಲಿ ಹೇಳಿದ. ಹೆಂಡತಿ ದೀಪ ಆರಿಸಿ ಮಲಗಿದಳು. ಅವಳಿಗೆ ಅಂದು ಡಬಲ್ ಡ್ಯೂಟಿಯಾಗಿತ್ತು.

ಡಿಪ್ಲೊಮಾ ಕೈಗೆ ಬಂದ ಮೇಲೆ ಬೊಟೀಕೊಂದರಲ್ಲಿ ಕೆಲಸ ಸಿಕ್ಕಿತು. ಮುಂದಿನ ಕೋಣೆಯಲ್ಲಿ ಆಳೆತ್ತರದ ಕನ್ನಡಿ, ತಣ್ಣನೆ ಗಾಳಿ, ಗಾಜಿನ ಕಿಟಕಿಯಲ್ಲಿ ಸೊಂಟ ತೆಳ್ಳಗಿನ ಒಂದು ಬೊಂಬೆ. ಹಿಂದಿನ ಕೋಣೆಯಲ್ಲಿ ಮೂರು ಯಂತ್ರ, ಸುಟ್ಟ ಕಲೆಗಳ ಇಸ್ತ್ರಿ ಮೇಜು, ಪಕ್ಕದ ಕಟ್ಟಡದ ಕೊಳವೆ ಕಾಣುವ ಒಂದು ಗವಾಕ್ಷಿ. ಅವನಿಗೆ ಸಿಕ್ಕಿದ್ದು ಹಿಂದಿನ ಕೋಣೆ. ಬೇರೆಯವರು ಹೊಲಿದದ್ದನ್ನು ಬಿಚ್ಚುವುದು, ಉದ್ದ ಮಾಡುವುದು, ಗಿಡ್ಡ ಮಾಡುವುದು. ಸೈನ್ಯದಲ್ಲಿ ಅವನಿಗೊಂದು ದರ್ಜೆ ಇತ್ತು, ಇಲ್ಲಿ ದರ್ಜಿ; ಎತ್ವ ಹೋಗಿ ಗುಡಿಸು ಬಂದಿತ್ತು. ದಿನದ ಮೊದಲ ಕೆಲಸವೂ ನೆಲದ ಚೂರುಬಟ್ಟೆ ಗುಡಿಸುವುದೇ. ಹೀಗೆ ನಾಲ್ಕು ವರ್ಷ. ಜೊತೆಗಿದ್ದವಳು ಕಾಜಾ ಹಾಕುವ ಹಿರಿಯ ಹೆಂಗಸು. ಅಂಗಡಿಗೆಲ್ಲ ಅವಳು ಕಾಜಾ ಅಕ್ಕ. ಗುಂಡಿಗೆ ತೂತು ಕತ್ತರಿಸುವ ಕೆಲಸದವಳಾದ್ದರಿಂದ ಎಲ್ಲರ ಮಾತಿನಲ್ಲೂ ತೂತು ಹುಡುಕುತ್ತಿದ್ದಳು.

ಒಂದು ದಿನ ಅಂಗಡಿಯ ಮೇಡಂ ಹಿಂದಿನ ಕೋಣೆಯ ಬಾಗಿಲಿಗೆ ಬಂದು ನಿಂತರು. ಅವರು ಅಷ್ಟು ದೂರ ಬರುವುದು ಅಪರೂಪ.

“ಹೆಣ್ಮಕ್ಕಳ ಶಾಲೆ ಒಂದರಿಂದ ಹನ್ನೆರಡು ಜನ ಟೀಚರ್ಸು ಬಂದಿದ್ರು. ಮುಂದಿನ ವಾರ ಶನಿವಾರ ಅವ್ರ ಹೆಡ್ ಮೇಡಂ ಬೀಳ್ಕೊಡುಗೆಯಂತೆ, ಇನ್ನೂ ಹನ್ನೆರಡು ದಿನ ಇದೆ. ಎಲ್ರಿಗೂ ಒಂದೇ ಡಿಸೈನು ಬೇಕು, ಬಣ್ಣ ಅವರವರದ್ದು. ಹನ್ನೆರಡು ಜನ, ಹನ್ನೆರಡು ಮೈಕಟ್ಟು. ನೀವೇ ಮಾಡಿ.”

ಮಿಲಿಟ್ರಿ ಎದ್ದು ನಿಂತ. “ಡಿಸೈನೂ ನಂದೇನಾ?”

“ಡಿಸೈನೂ ನಿಮ್ದೇ. ಅವ್ರು ಒಪ್ಪಿದ್ರೆ ಕತ್ತಿನ ಪಟ್ಟಿ ಮೇಲೆ ನಿಮ್ಮ ಹೆಸರು, ಕಿಟಕಿಲೊಂದು ಜಾಗ. ಒಪ್ದಿದ್ರೆ...” ಮೇಡಂ ಕೋಣೆಯನ್ನು ಸುಮ್ಮನೆ ಒಮ್ಮೆ ನೋಡಿದರು. “ಇದು ಎಲ್ಲಿಗೂ ಓಡಿ ಹೋಗಲ್ಲ.”

ನಲವತ್ತೆಂಟರಲ್ಲಿ ಇಂಥ ಮಾತು ಎರಡನೆಯ ಸಲ ಯಾರೂ ಹೇಳುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಮೇಡಂ ಹೋದ ಮೇಲೂ ನಿಂತೇ ಇದ್ದ. “ಕೂತ್ಕೋ ತಮ್ಮಾ, ರಾಷ್ಟ್ರಗೀತೆ ಮುಗೀತು” ಎಂದಳು ಕಾಜಾ ಅಕ್ಕ.

ಮರುದಿನ ಬೆಳಗ್ಗೆ ಎಂಟಕ್ಕೆ, ಪ್ರಾರ್ಥನೆಯ ಗಂಟೆಗೆ ಮೊದಲು, ಶಾಲೆಯ ಸ್ಟಾಫ್ ರೂಮಿನಲ್ಲಿ ಅಳತೆ ನಡೆಯಿತು. ಜೀವಮಾನವಿಡೀ ಮಕ್ಕಳಿಗೆ ನೆಟ್ಟಗೆ ನಿಲ್ಲಿ ಎಂದವರು, ತಮಗೇ ಯಾರೋ ಹಾಗೆಂದಾಗ ಮಕ್ಕಳಿಗಿಂತ ವಿಧೇಯರಾಗಿ ನಿಂತರು. ಅವನು ಮಾಡಿದ ಡಿಸೈನು ಮೊಣಕಾಲಿನ ಕೆಳಗೆ ಇಳಿಯುವ ನಿಲುವಂಗಿ: ನೇರ ಭುಜ, ಚಪ್ಪಟೆ ಕಾಲರು, ಬೆನ್ನಿಗೆ ಒಂದು ಸುಕ್ಕೂ ಇಲ್ಲ, ಸೀಮೆಸುಣ್ಣ ಹಿಡಿಸುವಷ್ಟು ಆಳದ ಜೇಬು. ಆರು ದಿನ ತಲೆಯೆತ್ತದೆ ಹೊಲಿದ. ಸೋಮವಾರ ಬಟ್ಟೆ ತಲುಪಿತು. ಮಂಗಳವಾರ, ಒಮ್ಮೆ ಹಾಕಿ ನೋಡೋಣವೆಂದು, ಹನ್ನೆರಡು ಮಂದಿಯೂ ಅದನ್ನೇ ತೊಟ್ಟು ಬಂದು ಶಾಲೆಯ ಮೆಟ್ಟಿಲ ಮೇಲೆ ಫೋಟೋ ತೆಗೆಸಿಕೊಂಡರು. ಫೋಟೋದಲ್ಲಿ ಯುದ್ಧ ಗೆದ್ದು ಬಂದವರ ಹಾಗಿದ್ದರು.

ಬುಧವಾರ ಹನ್ನೆರಡೂ ಅಂಗಿ ಮರಳಿ ಬಂದವು. ಗಂಟು ಹೊತ್ತು ತಂದವರು ಗಣಿತದ ಟೀಚರು.

“ಬೆಳಗ್ಗೆ ಎಂಟಕ್ಕೆ ನಾನು ಮಹಾರಾಣಿ. ಸುಳ್ಳು ಹೇಳಲ್ಲ. ಒಂಬತ್ತಕ್ಕೆ ಬೋರ್ಡ್ ಮೇಲೆ ಬರೆಯಕ್ಕೆ ಕೈ ಎತ್ತಿದೆ, ಕೈ ಜೊತೆ ಇಡೀ ಅಂಗಿ ಎದ್ದು ಬಂತು. ಬೋರ್ಡಿನ ಕೆಳಗಿನ ಅರ್ಧದಲ್ಲೇ ಜ್ಯಾಮಿತಿ ಮುಗಿಸ್ದೆ. ಹಿಂದಿನ ಬೆಂಚಿನವ್ರಿಗೆ ತ್ರಿಕೋನದ ತುದಿ ಮಾತ್ರ ಕಾಣ್ತಿತ್ತು! ಕೂತ್ರೆ ಬೆನ್ನು ಹಿಡ್ಕೊಳತ್ತೆ. ಸಂಜೆ ಹೊತ್ತಿಗೆ ಮುಂದುಗಡೆ ಜೋತು ಬಿದ್ದು ಮೆಟ್ಟಿಲಲ್ಲಿ ಕಾಲಿಗೆ ಸಿಕ್ತು. ಸಮಾಜ ಟೀಚರ್‌ಗೆ ಬೆನ್ನಲ್ಲೇ ಹೊಲಿಗೆ ಬಿಟ್ಕೊಂಡಿದೆ, ನೋಡಿ. ಶನಿವಾರಕ್ಕೆ ಹಳೇದನ್ನೇ ಹಾಕ್ಕೊಳ್ಳೋದು ಅಂತ ಮಾತಾಡ್ಕೊಂಡಿದೀವಿ.”

ಟೀಚರು ಹೋದ ಮೇಲೆ ಮಿಲಿಟ್ರಿ ಹನ್ನೆರಡನ್ನೂ ಮೇಜಿನ ಮೇಲೆ ಹಾಸಿ ಟೇಪು ಹಿಡಿದು, ಪುಸ್ತಕದೊಂದಿಗೆ ತಾಳೆ ನೋಡಿದ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

“ಅಳತೆ ತಪ್ಪಿಲ್ಲ ಮೇಡಂ” ಎಂದ, ಬಾಗಿಲಿಗೆ ಬಂದು ನಿಂತಿದ್ದ ಅಂಗಡಿಯ ಮೇಡಂಗೆ.

“ಅಳತೆ ತಪ್ಪಿಲ್ಲ, ಕತ್ತರಿ ತಪ್ಪಿಲ್ಲ, ಹೊಲಿಗೆ ತಪ್ಪಿಲ್ಲ. ಮತ್ತೆ ಹನ್ನೆರಡೂ ಯಾಕೆ ವಾಪಸ್ ಬಂದ್ವು?”

“ಅವ್ರು ನೆಟ್ಟಗೆ ನಿಲ್ಬೇಕು.”

“ಎಷ್ಟು ಹೊತ್ತು?” ಎಂದರು ಮೇಡಂ.

ಅವನು ಟೇಪು ಸುತ್ತತೊಡಗಿದ. ಮೇಡಂ ದನಿಯೇರಿಸಲಿಲ್ಲ. ಶುಕ್ರವಾರ ಸಂಜೆಯವರೆಗೆ ಸಮಯವಿದೆ, ಆಗದಿದ್ದರೆ ಹೇಳಿಬಿಡಿ ಎಂದಷ್ಟೇ ಹೇಳಿ ಮುಂದಿನ ಕೋಣೆಗೆ ಹೋದರು.

“ತಮ್ಮಾ, ನೀನು ಟೀಚರಿಗೆ ಹೊಲ್ದಿಲ್ಲ, ಬೀರುಗೆ ಹೊಲ್ದಿದೀಯ” ಎಂದಳು ಕಾಜಾ ಅಕ್ಕ ಸೂಜಿಯಿಂದ ಕಣ್ಣೆತ್ತದೆ. “ಇಡೀ ದಿನ ನೆಟ್ಟಗೆ ನಿಲ್ಲೋದು ಅದೊಂದೇ. ಹೆಸರೇ ನಿಲುವಂಗಿ ಅಲ್ವಾ? ಕೂತೋರಿಗೆ ಬೇರೆ ಅಂಗಿ ಮಾಡು.”

ಅವನಿಗೆ ನಗು ಬರಲಿಲ್ಲ. ಅಂಗಿ ಸರಿಯಾಗೇ ಇದೆ, ಸರಿಯಾಗಬೇಕಾದವರು ಅವರು ಎಂಬ ಮಾತು ಬಾಯಿಯವರೆಗೆ ಬಂದಿತ್ತು. ಆದರೆ ಹೇಳಲು ಎದುರಿಗೆ ಸಿಪಾಯಿಗಳಿರಲಿಲ್ಲ, ಗಿರಾಕಿಗಳಿದ್ದರು. ಗಿರಾಕಿಯನ್ನು ಮೈದಾನದ ಸುತ್ತ ಓಡಿಸಲಾಗದು.

ಮನೆಗೆ ಬಂದು ಅಕ್ಕಿ ತೊಳೆದಿಟ್ಟು ಸುಮ್ಮನೆ ಕೂತ. ಏಳಕ್ಕೆ ಹೆಂಡತಿ ಬಂದಳು. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು, ಬೂಟು ಬಿಚ್ಚಲು ಬಗ್ಗಿ, ಒಂದು ಬಿಚ್ಚಿ, ಇನ್ನೊಂದನ್ನು ಮರೆತು ಹಾಗೆಯೇ ಉಳಿದಳು. ಭುಜಗಳು ಮುಂದಕ್ಕೆ ಬಿದ್ದಿದ್ದವು. ತೋಳು ಎತ್ತಿ ಗೋಡೆಗೆ ಆನಿಸಿಕೊಂಡಾಗ ಅವಳ ಬಿಳಿ ಸಮವಸ್ತ್ರದ ಕಂಕುಳಲ್ಲಿ ಅಂಗೈಯಗಲದ ಒಂದು ತುಂಡು ಅವನ ಕಣ್ಣಿಗೆ ಬಿತ್ತು. ಬಿಳಿಯೇ, ಆದರೆ ಬೇರೆ ಬಿಳಿ. ಹೊಲಿಗೆ ಅಡ್ಡಾದಿಡ್ಡಿ. ಆ ಸಮವಸ್ತ್ರವನ್ನು ಹೊಲಿದವನು ಅವನು. ನಿವೃತ್ತನಾಗಿ ಬಂದು ಮನೆಯವರಿಗಾಗಿ ಹೊಲಿದ ಮೊದಲ ಬಟ್ಟೆ.

“ಇದೇನಿದು? ತೇಪೆ?”

“ಅದಾ? ಐದಾರು ವರ್ಷ ಆಯ್ತು. ಸಲೈನ್ ಬಾಟ್ಲಿ ನೇತುಹಾಕಕ್ಕೆ ಕೈ ಎತ್ತಕ್ಕಾಗ್ತಿರ್ಲಿಲ್ಲ. ಹಳೇ ದಿಂಬಿನ ಚೀಲ ಕತ್ತರಿಸಿ ಹೊಲ್ಕೊಂಡೆ.”

“ನಂಗೊಂದು ಮಾತು ಹೇಳ್ಬಹುದಿತ್ತಲ್ಲ.”

“ಹೇಳಿದ್ದೆ ರೀ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ರೋಗಿಯ ಜ್ವರ ಎಷ್ಟೆಂದು ಡಾಕ್ಟರಿಗೆ ಹೇಳುವ ಹಾಗೆ ಹೇಳಿದಳು. “ನೇರ ನಿಂತ್ಕೋ, ಸರಿಹೋಗತ್ತೆ ಅಂದ್ರಿ.”

ಅಂದದ್ದು ಅವನಿಗೆ ನೆನಪಿರಲಿಲ್ಲ. ಅಂದಿರಬಹುದು ಎಂಬುದರಲ್ಲಿ ಅನುಮಾನವೂ ಇರಲಿಲ್ಲ. ಎದ್ದು ಟೇಪು ತಂದ.

“ಏಳ್ಬೇಡ.”

“ಏಳೋ ಶಕ್ತಿ ಯಾರಿಗಿದೆ?”

ಒಂದು ಭುಜದಿಂದ ಇನ್ನೊಂದಕ್ಕೆ ಬೆನ್ನ ಮೇಲೆ ಟೇಪು ಎಳೆದ. ಹಿಂದೆ ಅಳೆದಾಗ ಹದಿನಾಲ್ಕಿತ್ತು, ಈಗ ಹದಿನೈದೂವರೆ. ಮುಂದೆ ಕತ್ತಿನಿಂದ ಸೊಂಟದವರೆಗೆ ಎರಡು ಇಂಚು ಕಡಿಮೆ. ತಪ್ಪಿರಬೇಕೆಂದು ಮತ್ತೆ ಅಳೆದ. ಹದಿನೈದೂವರೆಯೇ. ಬೆಳಗ್ಗೆ ಆಸ್ಪತ್ರೆಗೆ ಹೋಗುವವಳು ಒಬ್ಬಳು, ಸಂಜೆ ಬರುವವಳು ಇನ್ನೊಬ್ಬಳು. ಮೊದಲಿನವಳು ದಿನಕ್ಕೆ ಅರ್ಧ ಗಂಟೆ ಇರುತ್ತಾಳೆ, ಉಳಿದ ಹೊತ್ತೆಲ್ಲ ಎರಡನೆಯವಳೇ. ಅವನು ಇಷ್ಟು ವರ್ಷ ಆ ಅರ್ಧ ಗಂಟೆಯವರಿಗೆ ಬಟ್ಟೆ ಹೊಲಿದಿದ್ದ. ಇದನ್ನು ಅವಳಿಗೆ ಹೇಳೋಣವೆಂದು ನೋಡಿದರೆ ಅವಳು ಗೋಡೆಗೆ ತಲೆಯಾನಿಸಿ, ಒಂದು ಕಾಲಲ್ಲಿ ಬೂಟು ಇರುವಂತೆಯೇ ನಿದ್ದೆ ಹೋಗಿದ್ದಳು.

ಗುರುವಾರ ಸಂಜೆ ನಾಲ್ಕೂವರೆಗೆ, ಕೊನೆಯ ಗಂಟೆ ಹೊಡೆಯುತ್ತಿದ್ದಂತೆ, ಮಿಲಿಟ್ರಿ ಶಾಲೆಯ ಸ್ಟಾಫ್ ರೂಮಿನಲ್ಲಿದ್ದ.

“ಅಯ್ಯೋ, ಈಗ ಬೇಡಪ್ಪಾ” ಎಂದರು ಸಮಾಜದ ಟೀಚರು. “ಬೆಳಗ್ಗೆ ಬನ್ನಿ. ಈಗ ನಾವು ಹೇಗ್ಹೇಗೋ ಇದೀವಿ.”

“ಹೇಗ್ಹೇಗೋ ಇರೋದೇ ಬೇಕು ಮೇಡಂ.”

ಹಾಗೆಂದು ಟೇಪು ತೆಗೆದದ್ದೇ ತಡ, ಹನ್ನೆರಡು ಬೆನ್ನುಗಳು ನೆಟ್ಟಗಾದವು. ಟೇಪು ಜೇಬಿಗಿಟ್ಟ, ಸಡಿಲಾದವು. ತೆಗೆದ, ಬಿಗಿದವು. ಆರಾಮಾಗಿರಿ ಎಂದ. ಅವನ ಬಾಯಲ್ಲಿ ಅದೂ ಆಜ್ಞೆಯಂತೆ ಕೇಳಿಸಿ ಅವರು ಇನ್ನಷ್ಟು ಸೆಟೆದರು. ನಾಲ್ಕು ಮಹಡಿ ಹತ್ತಿ ಬಂದಿದ್ದ ಅವನ ಮೊಣಕಾಲು ಆಗ ಮತ್ತೆ ಸೊಲ್ಲೆತ್ತಿತು.

“ತಪ್ಪು ತಿಳ್ಕೋಬೇಡಿ, ಮಂಡಿ ನೋವು. ಸ್ವಲ್ಪ ಕೂರ್ತೀನಿ” ಎಂದು ಖಾಲಿ ಕುರ್ಚಿಯಲ್ಲಿ ಕೂತ. ಗಿರಾಕಿಯೆದುರು ಅವನು ಕೂತದ್ದು ಅದೇ ಮೊದಲು. ಕೂತವನು ಮಂಡಿ ನೀವಿಕೊಂಡು, ಬೆನ್ನು ಬಗ್ಗಿಸಿ, ನೆಲ ನೋಡುತ್ತ ಒಂದು ದೊಡ್ಡ ಉಸಿರು ಬಿಟ್ಟ. ಎದುರಿಗೆ ಗಣಿತದ ಟೀಚರೂ ಬಿಟ್ಟರು. ಆಕಳಿಕೆ ಹರಡುವ ಹಾಗೆ ಅದು ಕೋಣೆಯಲ್ಲೆಲ್ಲ ಹರಡಿತು. ಒಬ್ಬರು ಚಪ್ಪಲಿ ಬಿಟ್ಟರು. ಇನ್ನೊಬ್ಬರು ನೋಟ್‌ಬುಕ್ಕಿನ ರಾಶಿ ಎಳೆದುಕೊಂಡು ಕೆಂಪು ಪೆನ್ನು ಹಿಡಿದು ಬಗ್ಗಿದರು. ಮಾತು ಏಳನೇ ಕ್ಲಾಸಿನ ಗಲಾಟೆಗೆ, ಸೊಂಟ ನೋವಿಗೆ, ಬಸ್ಸಿನಲ್ಲಿ ಸೀಟು ಸಿಗದ್ದಕ್ಕೆ ತಿರುಗಿತು. ಮಿಲಿಟ್ರಿ ಕುರ್ಚಿಯನ್ನು ಒಬ್ಬೊಬ್ಬರ ಹಿಂದೆ ಎಳೆದುಕೊಂಡು ಹೋಗಿ, ಕೂತೇ ಅಳೆದ. ಬೋರ್ಡ್ ಒರೆಸುವಾಗ ತೋಳು ಎಲ್ಲಿಯವರೆಗೆ ಹೋಗುತ್ತದೆಂದು ನೋಡಿ ಬರೆದುಕೊಂಡ. ಬೆನ್ನಿಗೆ ಹೆಚ್ಚು ಬೇಕಾದದ್ದು ಒಂದಿಂಚು, ಒಂದೂಕಾಲು, ಸಮಾಜದ ಟೀಚರಿಗೆ ಎರಡು.

ಡ್ರಿಲ್ ಟೀಚರು ಒಬ್ಬರೇ ನೆಟ್ಟಗಿದ್ದರು.

“ನೀವೂ ಸ್ವಲ್ಪ ಆರಾಮಾಗಿ ಮೇಡಂ.”

“ನಾನು ಇಷ್ಟೇ ಸರ್. ಮಲಗಿದ್ರೂ ಹೀಗೇ ಅಂತ ನಮ್ಮ ಯಜಮಾನ್ರು ಹೇಳ್ತಾರೆ. ನಂದು ಸರಿಯಾಗಿತ್ತು, ಇವ್ರೆಲ್ಲ ಕೊಟ್ರು ಅಂತ ನಾನೂ ಕೊಟ್ಟೆ.”

ಹಾಗೆ ಹನ್ನೊಂದು ಉಳಿದವು. ಶುಕ್ರವಾರ ಅವನು ಅವನ್ನೆಲ್ಲ ಬಿಚ್ಚಿದ. ಅದೇ ಬಣ್ಣದ ಬಟ್ಟೆ ಮತ್ತೆ ಸಿಗುವಂತಿರಲಿಲ್ಲ, ಸಿಗುವ ಅಗತ್ಯವೂ ಬರಲಿಲ್ಲ. ಹೊಸ ಸಿಪಾಯಿ ಊಟ ಕಂಡು ಹಿಗ್ಗುತ್ತಾನೆಂದು ಸೈನ್ಯದ ಹೊಲಿಗೆಯಲ್ಲಿ ಒಳಗೆ ಧಾರಾಳವಾಗಿ ಬಟ್ಟೆ ಬಿಡುತ್ತಾರೆ. ಆ ಅಭ್ಯಾಸದಿಂದ ಬೆನ್ನಿಗೆ ನೆರಿಗೆ ಹಿಡಿಯುವಷ್ಟು ಸಿಕ್ಕಿತು. ಬಗ್ಗುವ ಮೈಗೆ ಮುಂದುಗಡೆ ಉದ್ದ ಬೇಡ. ಅಲ್ಲಿ ಕತ್ತರಿಸಿದ ಎರಡು ಇಂಚಿನ ಪಟ್ಟಿಯಿಂದ ಕಂಕುಳಿಗೆ ತುಂಡು ಬಂತು. ಕಾಜಾ ಅಕ್ಕ ಕೇಳದೆಯೇ ಪಕ್ಕಕ್ಕೆ ಕೂತು ಅಂಚು ಮಡಿಸಿ ಕೊಟ್ಟಳು. “ನಂಗೂ ಒಂದು ಮಾಡ್ಕೊಡು” ಎಂದಳು, “ಆದ್ರೆ ನನ್ನ ಅಳತೆ ತಗೊಳಕ್ಕೆ ಸಂಜೆವರೆಗೆ ಕಾಯೋದು ಬೇಡ. ನಾನು ಏಳೋದೇ ಸುಸ್ತಾಗಿ.”

ಸಂಜೆ ಮೇಡಂ ಒಂದನ್ನು ತೆಗೆದು ಬೊಂಬೆಗೆ ತೊಡಿಸಿ ಹಿಂದೆ ಸರಿದು ನೋಡಿದರು. ಬೆನ್ನಿನಲ್ಲಿ ಬಟ್ಟೆ ಉಬ್ಬಿತ್ತು, ಮುಂದೆ ಅಂಚು ಮೇಲೆದ್ದಿತ್ತು.

“ಗೂನು ಬಂದ ಹಾಗಿದೆಯಲ್ರೀ.”

“ಬೊಂಬೆ ಪಾಠ ಮಾಡಲ್ಲ ಮೇಡಂ.”

“ಚಮತ್ಕಾರದ ಮಾತು ಬೇಡ. ನಾಳೆ ಬೆಳಗ್ಗೆ ಹಾಕ್ಕೊಂಡು ಕನ್ನಡಿ ನೋಡ್ತಾರೆ. ಕನ್ನಡಿ ನೋಡೋದು ಬೆಳಗ್ಗೆನೇ. ಸಂಜೆ ಯಾರು ನೋಡ್ಕೋತಾರೆ?”

ಅದು ನಿಜವಾಗಿತ್ತು. ಆದರೂ ಅವನು ಅಂಗಿಗಳನ್ನು ಶಾಲೆಗೆ ಕಳಿಸಿದ. ಶನಿವಾರ ಬೀಳ್ಕೊಡುಗೆ ನಡೆಯುತ್ತಿದ್ದ ಹೊತ್ತಿನಲ್ಲಿ ಯಾರದೋ ಮೂರು ಪ್ಯಾಂಟಿನ ಅಂಚು ಮಡಿಸಿದ. ಫೋನು ಬರಲಿಲ್ಲ. ಭಾನುವಾರ ಹೆಂಡತಿಯ ಸಮವಸ್ತ್ರದ ಎರಡೂ ಕಂಕುಳು ಬಿಚ್ಚಿ ಸರಿಯಾಗಿ ಹೊಲಿದ. ಅವಳು ತೋಳು ಎತ್ತಿ ಇಳಿಸಿ, “ಪರವಾಗಿಲ್ಲ, ಕಲ್ತಿದೀರಿ” ಎಂದಳು.

ಸೋಮವಾರ ಮಧ್ಯಾಹ್ನದ ಬಿಡುವಿನಲ್ಲಿ ಗಣಿತದ ಟೀಚರು ಬಂದರು. ಕೈಯಲ್ಲಿ ಗಂಟು ಇರಲಿಲ್ಲ. ಜೊತೆಗೊಬ್ಬ ಹೆಂಗಸು ಇದ್ದರು.

“ಬೆಳಗ್ಗೆ ಕನ್ನಡಿ ಮುಂದೆ ಬೇಜಾರಾಯ್ತು, ಇದ್ದಿದ್ದು ಹೇಳ್ತೀನಿ” ಎಂದರು ಟೀಚರು. “ಮೊದಲಿನ ಮಹಾರಾಣಿ ಇರ್ಲಿಲ್ಲ. ಆಮೇಲೆ ಭಾಷಣ, ಊಟ, ಕುರ್ಚಿ ಎತ್ತಿಡೋದು. ಮನೆಗೆ ಹೋಗಿ ಅಡುಗೆ ಮಾಡಿ, ಪಾತ್ರೆ ತೊಳೆದು, ಮಲಗಕ್ಕೆ ಹೋಗೋವಾಗ ನೋಡ್ಕೋತೀನಿ, ಇನ್ನೂ ಅದನ್ನೇ ಹಾಕ್ಕೊಂಡಿದೀನಿ! ಮೈ ಮೇಲಿದೆ ಅನ್ನೋದೇ ಮರ್ತು ಹೋಗಿತ್ತು. ದಿನಾ ಹಾಕ್ಕೊಳಕ್ಕೆ ನಂಗಿನ್ನೆರಡು ಬೇಕು. ಇವ್ರು ನಮ್ಮಕ್ಕ, ಬ್ಯಾಂಕಲ್ಲಿ ಕೌಂಟರ್ ಕೆಲ್ಸ. ಇವತ್ತು ರಜಾ ಹಾಕಿದಾರೆ, ಅಳತೆ ತಗೊಳ್ಳಿ.”

ಮಿಲಿಟ್ರಿ ಅಕ್ಕನನ್ನು ನೋಡಿದ. ಹತ್ತು ಗಂಟೆಯವರೆಗೆ ಮಲಗಿ ಎದ್ದ ಮುಖ, ಸಡಿಲವಾದ ಕತ್ತು, ನೆಟ್ಟಗಿನ ಬೆನ್ನು.

“ಇವತ್ತು ಬೇಡ ಮೇಡಂ. ಕೆಲ್ಸ ಇದ್ದ ದಿನ ಬನ್ನಿ, ಮುಗಿಸ್ಕೊಂಡು. ನಿಮಗಿನ್ನೂ ಸುಸ್ತಾಗಿಲ್ಲ.”

ಅವರು ನಗುತ್ತ ಹೋದರು. ಮೇಡಂ ನಗಲಿಲ್ಲ. “ಇಪ್ಪತ್ತು ವರ್ಷದಿಂದ ಅಂಗಡಿ ಇಟ್ಟಿದೀನಿ. ಗಿರಾಕಿಗೆ ಸುಸ್ತಾಗಿ ಬಾ ಅಂದೋರನ್ನ ಇವತ್ತೇ ಕಂಡಿದ್ದು” ಎಂದರು. ಆದರೆ ಆ ವಾರದ ಕೊನೆಗೆ ಅವನ ಹೆಸರಿನ ಪಟ್ಟಿಗಳು ಅಚ್ಚಾಗಿ ಬಂದವು, ಸಣ್ಣ ಅಕ್ಷರ, ಬೂದು ದಾರ.

ಉಳಿದದ್ದು ಕಿಟಕಿ. ಅದಕ್ಕೆಂದೇ ಅವನು ಅಂಥದೇ ಇನ್ನೊಂದು ಅಂಗಿ ಹೊಲಿದ. ಬೊಂಬೆಗೆ ತೊಡಿಸಿದರೆ ಗೂನು, ಹ್ಯಾಂಗರಿಗೆ ಹಾಕಿದರೆ ಗೋಣಿಚೀಲ. ಮೇಡಂ ಎರಡು ದಿನ ಹಾಗೆ ಹೀಗೆ ತಿರುಗಿಸಿ ನೋಡಿ, ಕೊನೆಗೆ ಬೊಂಬೆಯನ್ನು ಎತ್ತಿಸಿ, ಹಿಂದಿನ ಕೋಣೆಯಿಂದ ಒಂದು ಮರದ ಕುರ್ಚಿ ತರಿಸಿದರು. ಅದನ್ನು ಬೀದಿಗೆ ಬೆನ್ನು ಮಾಡಿ ಇಟ್ಟು, ಬೆನ್ನೊರಗಿನ ಮೇಲೆ ಅಂಗಿಯನ್ನು ಹರವಿದರು. ಯಾರೋ ಈಗಷ್ಟೇ ಮನೆಗೆ ಬಂದು, ಬಿಚ್ಚಿ ಹಾಕಿ, ಮುಖ ತೊಳೆಯಲು ಹೋದ ಹಾಗಿತ್ತು. ಕಾಲರು ಹಿಂದಕ್ಕೆ ಮಗುಚಿಕೊಂಡಿದ್ದರಿಂದ ಕತ್ತಿನ ಪಟ್ಟಿ ಗಾಜಿನಾಚೆಗೆ ಕಾಣುತ್ತಿತ್ತು.

ಸಂಜೆ ಐದೂವರೆಯ ಜನ ಬಸ್ಸಿಳಿದು ಬರತೊಡಗಿದ್ದರು. ಕೆಲವರು ಕಿಟಕಿಯೆದುರು ನಿಧಾನವಾದರು. ಅಂಗಿಗಿಂತ ಮೊದಲು ಕುರ್ಚಿಯನ್ನು ನೋಡಿದರು. ಮಿಲಿಟ್ರಿ ಬಾಗಿಲಲ್ಲಿ ಒಂದು ನಿಮಿಷ ನಿಂತಿದ್ದ. ಆಮೇಲೆ ಒಳಗೆ ಹೋದ. ಔಷಧಿ ಅಂಗಡಿಯವನ ಪ್ಯಾಂಟು ಮೂರು ಇಂಚು ಬಿಡಿಸುವುದಿತ್ತು.